ದೀಪಾಳ ಕಿವಿ

ಹಬ್ಬುವಾಡ, ಕಾರವಾರ
೧೯ ಫೆಬ್ರುವರಿ ೨೦೨೫

ಪ್ರೀತಿಯ ಅತ್ತೆಯವರಿಗೆ ವಿದ್ಯಾಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ವಿಶಾಖಪಟ್ಟಣದ ಆ ಮೂರು ಮಹಡಿ ಮೆಟ್ಟಿಲನ್ನು ಹಾಲಿಗೊಮ್ಮೆ, ತರಕಾರಿಗೊಮ್ಮೆ ಎಂದು ಹತ್ತಿ ಇಳಿಯಬೇಡಿ. ನಿಮ್ಮ ಮಗ ಕೆಲಸದಿಂದ ಬರುವಾಗ ತರಲಿ. ಇಲ್ಲಿ ತಮ್ಮ ಮಂಜುನಾಥನ ಮದುವೆ ಚೆನ್ನಾಗಿ ಆಯಿತು. ನಿಮ್ಮ ಊರು ಬೇಲೆಕೇರಿಯಿಂದ ಬಂದ ಕಾಮಿ ದೊಡ್ಡಮ್ಮ ಚಪ್ಪರದ ಬಾಗಿಲಲ್ಲೇ ನಿಮ್ಮನ್ನು ಹುಡುಕುತ್ತ, "ಗಂಗೆ ಬರ್ಲಿಲ್ವೇ? ಮೊಮ್ಮಗಳನ್ನ ಬಿಟ್ಟು ಅದ್ಹೆಂಗೆ ಉಳದಳು?" ಎಂದು ಕೇಳಿದಳು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ನಿಮಗಾಗಿ ಒಣ ಶೆಟ್ಲಿ ಸಿಗಡಿ ಕಟ್ಟಿಸಿಟ್ಟಿದ್ದೇನೆ.

ನಮ್ಮ ಕೂಸು ದೀಪಾಳ ಕಿವಿ ವಾಸಿಯಾಗಿದೆ. ನಿನ್ನೆ ಡಾಕ್ಟರು ನೋಡಿ, ಒಡೆದಿದ್ದ ಕಿವಿಯ ತಮಟೆ ಪೂರ್ತಿ ಕೂಡಿಕೊಂಡಿದೆ ಎಂದರು. ಹಿಂದಿನಿಂದ ಚಿಟಿಕೆ ಹೊಡೆದರೆ ತಟ್ಟನೆ ತಿರುಗುತ್ತಾಳೆ. ಇದನ್ನು ಮೊದಲು ಓದಿ ಸಮಾಧಾನ ಮಾಡಿಕೊಳ್ಳಿ, ಆಮೇಲೆ ಮುಂದಿನದನ್ನು ಓದಿ.

ಆ ಕಿವಿ ಸೋರಿದ್ದು ನೀವು ಬಿಟ್ಟ ಎಣ್ಣೆಯಿಂದಲ್ಲ, ಅತ್ತೆ. ನನ್ನಿಂದ. ಮದುವೆಗೆಂದು ಅಲ್ಲಿಂದ ಹೊರಡುವ ಹಿಂದಿನ ದಿನ ಕೂಸಿಗೆ ಮೂಗು ಕಟ್ಟಿತ್ತು. "ತಂಡಿ ಆಗ್ಯದೆ, ಡಾಕ್ಟರನ್ನ ಕೇಳದೆ ಇಮಾನ ಹತ್ತಬೇಡ್ವೇ" ಎಂದು ನೀವು ಎರಡು ಸಲ ಹೇಳಿದಿರಿ. ನಾನು ಬಾಲ್ಕನಿಗೆ ಹೋಗಿ ಸುಮ್ಮನೆ ನಿಂತು ಒಳಗೆ ಬಂದು, "ಫೋನ್ ಮಾಡಿದೆ, ಅಡ್ಡಿಲ್ಲ ಅಂದರು" ಎಂದೆ. ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಬೇಡ ಎಂದುಬಿಟ್ಟರೆ ಎಂಬ ಹೆದರಿಕೆ. ತಮ್ಮನ ಮದುವೆಯಲ್ಲಿ ಆರತಿ ಎತ್ತುವ ಅಕ್ಕ ನಾನೊಬ್ಬಳೇ, ಎರಡು ವರ್ಷದಿಂದ ಕಾರವಾರ ಕಂಡಿರಲಿಲ್ಲ. ನೀವು ನನ್ನ ಮಾತು ನಂಬಿ ಕೂಸಿಗೆ ಕುಲಾವಿ ಕಟ್ಟಿಕೊಟ್ಟಿರಿ.

ಹೈದರಾಬಾದಿನ ತನಕ ದೀಪಾ ಮಲಗಿದ್ದಳು. ಎರಡನೇ ವಿಮಾನ ಗೋವಾದಲ್ಲಿ ಇಳಿಯಲು ಬಾಗುತ್ತಿದ್ದಂತೆ ಕಿರುಚಲು ಶುರುಮಾಡಿದಳು. ಪಕ್ಕದ ಹೆಂಗಸು ಹಾಲು ಕುಡಿಸಿ ಎಂದಳು. ಎದೆಗೆ ಹಿಡಿದರೆ ಮೂಗು ಕಟ್ಟಿ ಉಸಿರಾಡಲಾಗದೆ ಬಾಯಿ ಬಿಡುತ್ತಿದ್ದಳು. ಕಿವಿಯನ್ನು ತಾನೇ ಪರಚಿಕೊಂಡಳು. ಮುಂದಿನವರು ತಿರುಗಿ ತಿರುಗಿ ನೋಡುತ್ತಿದ್ದರು, ನನಗೆ ಕೂಸಿನ ನೋವಿಗಿಂತ ಆ ನಾಚಿಕೆಯೇ ದೊಡ್ಡದಾಗಿತ್ತು. ಒಮ್ಮೆಲೇ ಸುಮ್ಮನಾದಳು. ಸದ್ಯ ಮಲಗಿದಳಲ್ಲ ಎಂದುಕೊಂಡೆ. ತಮಟೆ ಒಡೆದದ್ದೇ ಆಗ, ಒಡೆದ ಮೇಲೆ ನೋವು ಇಳಿಯುತ್ತದೆ ಎಂದು ಡಾಕ್ಟರು ಮರುದಿನ ಹೇಳಿದರು. ಕಾರು ಕಾಳಿ ಸೇತುವೆ ದಾಟುವಾಗ ನನ್ನ ತೋಳಿನ ಮೇಲೆ ಹಳದಿ ಒದ್ದೆ ಕಂಡೆ.

ನಿಮ್ಮ ಮಗನಿಗೆ ಫೋನ್ ಮಾಡಿದಾಗ, "ಎಂತಕೆ ಆಯ್ತು?" ಎಂದು ಕೇಳಿದರು. ನನ್ನ ಬಾಯಿಂದ "ಅತ್ತೆ ಎಣ್ಣೆ ಬಿಟ್ಟಿದ್ದರು" ಎಂದು ಬಂದುಹೋಯಿತು. ಅವರು ಅಲ್ಲೇ ನಿಮ್ಮ ಮೇಲೆ ಕೂಗಿದ್ದು ನನಗೆ ಕೇಳಿಸಿತು: "ಆಯೀ, ಇನ್ನು ನೀ ಕೂಸಿನ ಮೈ ಮುಟ್ಟೂದು ಬೇಡ." ನೀವು, "ನಂದೇ ತಪ್ಪು ಮಗಾ" ಎಂದಿರಿ. ಆಗ ಫೋನ್ ಕೈಯಲ್ಲೇ ಇತ್ತು, ಅತ್ತೆ. ಹೇಳಬಹುದಿತ್ತು. ನನಗೆ ಬಯ್ಗುಳ ತಪ್ಪಿತಲ್ಲ ಎಂದು ಹಗುರಾಯಿತು. ಮೂರು ವಾರದಿಂದ ಆ ಹಗುರವೇ ನನ್ನನ್ನು ಉಣ್ಣಲು ಬಿಡುತ್ತಿಲ್ಲ.

ಕ್ಷಮಿಸಿ ಎಂದು ಬರೆಯಲು ಕೈ ನಾಚುತ್ತದೆ. ಮನೆಯವರೆಲ್ಲ ನಿಮ್ಮನ್ನು ಕೇಳಿದ್ದಾರೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಸೊಸೆ
ವಿದ್ಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿಮ್ಮ ಮಗನಿಗೂ ಫೋನಿನಲ್ಲಿ ಎಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, "ಆಯಿ ಬೇಲೆಕೇರಿಗೆ ಹೋಗ್ತೆ ಅಂತ ಗಂಟು ಕಟ್ಟಿಟ್ಟಳೆ" ಎಂದರು. ಹೋಗಬೇಡಿ ಅತ್ತೆ. ಇಪ್ಪತ್ತೆಂಟಕ್ಕೆ ನಾನು ಕೂಸಿನ ಜೊತೆ ಹೊರಡುತ್ತೇನೆ, ರೈಲಿನಲ್ಲಿ. ನನ್ನನ್ನು ಬಯ್ಯುವುದಕ್ಕಾದರೂ ಮನೆಯಲ್ಲಿರಿ.