ಮೆತ್ತನೆಯ ಸ್ಪ್ರಿಂಗ್

ಅಪ್ಪಾ, ನಿನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಇವತ್ತು ಬದಲಾಯಿಸಿದೆ. ನೀನು ಹೋದಮೇಲೆ ಅದು ನನ್ನ ಪಾಲಿಗೆ ಬಂತಲ್ಲ; ಸಣ್ಣ ಗುಂಡಿಗೂ ಮಗು ಬೆಚ್ಚಿ ಅಳುತ್ತಿತ್ತು, ಅದರ ಎಳೆಯ ಕತ್ತಿಗೆ ಏನಾದರೂ ಆದೀತೆಂದು ನನ್ನ ಜೀವ ಹಿಡಿಯಷ್ಟಾಗುತ್ತಿತ್ತು. ನಿದ್ದೆಯಂತೂ ಇಬ್ಬರಿಗೂ ಇಲ್ಲ.

“ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ತಿರುವಲ್ಲಿ ರಸ್ತೆ ಕಚ್ಕೊಂಡು ಹೋಗುತ್ತೆ. ಮೆತ್ತಗಿರೋದು ಹಾಕಿದ್ರೆ ಸ್ವಲ್ಪ ವಾಲುತ್ತೆ, ಆದ್ರೆ ಮಗು ಮಲಗುತ್ತೆ. ಯಾವುದಮ್ಮಾ?” ಎಂದರು ನಿನ್ನ ಮೆಕ್ಯಾನಿಕ್.

“ಮೆತ್ತಗಿರೋದೇ ಹಾಕಿ.”

“ನಿಮ್ಮಪ್ಪ ಇದ್ದಿದ್ರೆ ನನ್ನ ಚರ್ಮ ಸುಲಿಯೋರು.”

“ಬಂದು ಸುಲೀಲಿ ಬಿಡಿ,” ಎಂದೆ. ಅವರು ಕಾರಿನಡಿ ಸರಿದರು.

ಬರುವಾಗ, ನಿನಗೆ ಇಷ್ಟವಾಗಿದ್ದ ಆ ದೊಡ್ಡ ತಿರುವಿನಲ್ಲಿ ಕಾರು ದೋಣಿಯಂತೆ ವಾಲಿತು. ಹಿಂದಿನ ಸೀಟಿನಲ್ಲಿ ಮಗು ನಿದ್ದೆಹೋಗಿತ್ತು. ಪಕ್ಕದ ಸೀಟಿನಿಂದ ಯಾರೂ ಬೈಯಲಿಲ್ಲ. ಮನೆ ಬಂದರೂ ನಿಲ್ಲಿಸದೆ, ಮತ್ತೆ ಅದೇ ರಸ್ತೆ ಹಿಡಿದೆ.