ನೀನು ನುಂಗಿದ ‘ಇನ್ನೂ’

ನಿಂಬರ್ಗಾ
9 ಫೆಬ್ರುವರಿ 2025, ಐತವಾರ

ಪ್ರೀತಿಯ ಮಗ ಜಗದೇವನಿಗೆ,

ಎದೆಯ ಉರಿ ಹೇಗಿದೆ? “ಏನಿಲ್ಲ ಬೇ, ಆರಾಮ್ ಅದೀನಿ” ಎನ್ನಬೇಡ, ಹದಿನೈದು ವರ್ಷದಿಂದ ಅದನ್ನೇ ಕೇಳುತ್ತಿದ್ದೇನೆ. ಇಲ್ಲಿ ನಿನ್ನ ಹೆಂಡತಿ ಮಧುಮತಿ, ಮಗಳು ಪಂಚಶೀಲಾ ಚೆನ್ನಾಗಿದ್ದಾರೆ. ಫೋನು ಮಾಡಿದರೆ “ಅಫಜಲಪುರ ಬಸ್ ಬಿಡೋ ಟೈಮ್ ಆತವ್ವ” ಎಂದು ಇಟ್ಟುಬಿಡುತ್ತೀ. ಡ್ರೈವರಪ್ಪಾ, ಈ ಕಾಗದವನ್ನು ಹೇಗೆ ಇಡುತ್ತೀ ನೋಡೋಣ.

ನಾನು ಕಲಿತದ್ದು ಮೂರನೇ ಇಯತ್ತೆ, ಆದರೂ ನನ್ನ ಕಿವಿ ಎರಡೂ ಪಾಸಾಗಿವೆ. ಅವತ್ತು ಕಲಬುರಗಿ ಆಸ್ಪತ್ರೆಯಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದೆ. ಡಾಕ್ಟರಮ್ಮ ಅಂದದ್ದು “ಕ್ಯಾನ್ಸರ್ ಇನ್ನೂ ಆಗಿಲ್ಲ” ಎಂದು. ನೀನು ಮನೆಗೆ ಬಂದು “ಕ್ಯಾನ್ಸರ್ ಆಗಿಲ್ಲಂತ!” ಎಂದು ಓಣಿಗೆಲ್ಲ ಪೇಡೆ ಹಂಚಿದೆ. ನಡುವಿನ ‘ಇನ್ನೂ’ ಎಲ್ಲಿ ಹೋಯಿತು? ನೀನೇ ನುಂಗಿದೆ. ಹೊಟ್ಟೆಯ ಹುಳಿ ವರ್ಷಗಟ್ಟಲೆ ಮೇಲೆ ಉಕ್ಕಿ ಅನ್ನನಾಳವನ್ನು ಸುಡುತ್ತದಂತೆ. ಸುಟ್ಟು ಸುಟ್ಟು ಒಳಗಿನ ಚರ್ಮ ತನ್ನ ಗುಣವನ್ನೇ ಬದಲಿಸುತ್ತದೆ, ಆಮೇಲೆ ಜೀವಕಣಗಳು ಸಾಲು ತಪ್ಪಿ ಬೆಳೆಯುತ್ತವೆ, ಮೊದಲು ಸ್ವಲ್ಪ, ಆಮೇಲೆ ಬಹಳ, ಅಲ್ಲಿಂದ ಕ್ಯಾನ್ಸರ್. ಎಲ್ಲರಿಗೂ ಆಗುವುದಿಲ್ಲ, ಆದರೆ ಯಾರಿಗೆ ಎಂಬುದು ನೋಡದೆ ತಿಳಿಯುವುದಿಲ್ಲ. ನಿನ್ನದು ಸಾಲು ತಪ್ಪಲು ಶುರುವಾಗಿದೆ, ಈಗ ಸಿಕ್ಕರೆ ಅಷ್ಟನ್ನೇ ತೆಗೆಯಬಹುದು, ಆರು ತಿಂಗಳಿಗೆ ಮತ್ತೆ ತೋರಿಸಲು ಬಾ ಎಂದರು ಡಾಕ್ಟರಮ್ಮ. ಹದಿನಾಲ್ಕು ತಿಂಗಳಾಯಿತಲ್ಲೋ.

ಈ ಸಲ ಹಳ್ಳದ ಕಡೆಯ ತೊಗರಿಗೆ ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗ ಬಂದಿತ್ತು. ಮೇಲೆ ಹಸಿರು, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಅಲ್ಲೇ ಬದುವಿನ ಮೇಲೆ ಕೂತು ನಿನ್ನನ್ನು ನೆನೆದು ಅತ್ತೆ. ಗಿಡದ ಒಳಗನ್ನು ಸೀಳದೆ ನೋಡಲಾಗದು, ನಿನ್ನ ಒಳಗನ್ನು ನೋಡಲು ಬಾಯಿಂದ ಇಳಿಸುವ ಕ್ಯಾಮೆರಾ ಪೈಪಿದೆ. “ಅದನ್ನ ಮತ್ತ ನುಂಗೋದು ನನ್ನ ಕೈಲಿ ಆಗಂಗಿಲ್ಲ ಬೇ” ಅಂತೀ. ಎರಡು ವರ್ಷದವನಿದ್ದಾಗ ನನ್ನ ಮೂಗುತಿ ನುಂಗಿ ಮೂರು ದಿನ ನನ್ನನ್ನು ಕಾಯಿಸಿದವನು ನೀನೇ ಅಲ್ಲವೇ?

ಕುದಿಯುವ ಚಹಾ ಗಟಗಟ ಕುಡಿಯಬೇಡ. ನಿನ್ನ ಕೈ ಸ್ಟೇರಿಂಗಿನ ಮೇಲೆ ಗಟ್ಟಿಯಾಗಿರಲಿ, ಗಂಟಲು ತಣ್ಣಗಿರಲಿ. ಜೈ ಭೀಮ.

ನಿನ್ನ ಅವ್ವ,
ಸಾಬವ್ವ

ತಾ.ಕ.: ಹೇಳುವುದೇ ಮರೆತಿದ್ದೆ. ಹದಿನೆಂಟಕ್ಕೆ, ಮಂಗಳವಾರ, ಆ ಡಾಕ್ಟರಮ್ಮನ ಹತ್ತಿರ ಪೈಪಿನ ಪರೀಕ್ಷೆಗೆ ಚೀಟಿ ಬರೆಸಿದ್ದೇನೆ, ಎರಡು. ಒಂದು ನಿನಗೆ, ಒಂದು ನನಗೆ. ಎರಡು ತಿಂಗಳಿಂದ ರೊಟ್ಟಿ ಎದೆಯಲ್ಲೇ ನಿಲ್ಲುತ್ತಿದೆ, ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ. ಹಲ್ಲು ಹೋದವೆಂದು ಮಧುಮತಿ ತಿಳಿದಿದ್ದಾಳೆ, ಅವಳಿಗೆ ಹೇಳಬೇಡ. ಮೊದಲು ನಾನು ನುಂಗುತ್ತೇನೆ, ನೀನು ನನ್ನ ಕೈ ಹಿಡಿದುಕೋ. ನನ್ನ ಪಾಲಿಗೆ ‘ಇನ್ನೂ’ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಿನ್ನ ಪಾಲಿಗೆ ಇದೆ. ಬಾ.