ಕುವೈತಿಗೆ ಹೋದ ಎಕ್ಸರೇ

ಕುರುಗೋಡು
12-9-1983

ಪೂಜ್ಯ ಯಜಮಾನರಿಗೆ ವೀರಭದ್ರಮ್ಮನ ಶರಣುಗಳು.

ನಿಮ್ಮ ಮೈ ಹೇಗಿದೆ? ಆ ಸೆಕೆಗೆ ಮೂಗಿನಿಂದ ರಕ್ತ ಬರುವುದು ನಿಂತಿತೇ? ಆಸ್ಪತ್ರೆಯಲ್ಲೇ ಕೆಲಸವಿದ್ದು ಔಷಧಿ ತೆಗೆದುಕೊಳ್ಳುವುದಿಲ್ಲವೆಂದರೆ ಜನ ನಗುತ್ತಾರೆ. ಪಾಪುವಿಗೆ ಎರಡು ಹಲ್ಲು ಬಂದಿವೆ, ಹಾಲು ಕುಡಿಯುವಾಗ ಕಚ್ಚುತ್ತಾನೆ. ನನಗೆ ಸಂಜೆಯಾದರೆ ಸ್ವಲ್ಪ ಮೈ ಬಿಸಿ, ಕೆಲಸದ ಆಯಾಸವಿರಬೇಕು.

ಅತ್ತೆಯವರ ಎಕ್ಸರೇ ನೋಡಿ ನಿಮ್ಮ ಆಸ್ಪತ್ರೆಯ ಡಾಕ್ಟರು ಬರೆದ ಚೀಟಿ ಬಂತು. ಎದೆಯ ಬಲಗಡೆ ಕ್ಷಯದ ಕಲೆ ಇದೆ, ತಡಮಾಡದೆ ಔಷಧಿ ಶುರುಮಾಡಿ ಎಂದಿದೆಯಂತೆ. ನನಗೆ ಒಂದೂ ತಿಳಿಯದಾಗಿದೆ. ಅವರ ಕೆಮ್ಮು ನಿಂತು ತಿಂಗಳಾಯಿತು. ಎರಡು ರೊಟ್ಟಿ ತಿಂದು, ಮೂರನೆಯದು ದಪ್ಪವಾಯಿತೆಂದು ನನ್ನನ್ನು ಬೈಯುತ್ತಾರೆ. ಚೀಟಿ ಹಿಡಿದು ಬಳ್ಳಾರಿ ಡಾಕ್ಟರ ಹತ್ತಿರ ಹೋದರೆ, "ತೆಗ್ದಿದ್ದು ನಮ್ಮೂರ ಬ್ರೂಸ್‌ಪೇಟಿಯಾಗ, ಓದಿದ್ದು ಕುವೈತಿನ್ಯಾಗ, ಔಷಧ ಕೊಡೋನು ನಾನು. ನಾಳಿ ಹೆಚ್ಚುಕಮ್ಮಿ ಆದ್ರ ಯಾರನ್ನ ಹಿಡೀತೀಯವ್ವ?" ಎಂದರು. ಅಲ್ಲಿಯವರಿಗೆ ಇಲ್ಲಿಯ ಪರವಾನಗಿ ಇಲ್ಲವಂತೆ, ಮತ್ತೊಂದು ಎಕ್ಸರೇ ತೆಗೆಸಬೇಕಂತೆ. ವಕೀಲ ಕೊಟ್ಟೂರಪ್ಪನವರನ್ನು ಕೇಳಿದೆ. ಅಲ್ಲಿಯವರ ಮೇಲೆ ನಮ್ಮ ಕೋರ್ಟು ನಡೆಯದು, ಇಲ್ಲಿಯವರು ಅದನ್ನು ಓದಿಯೇ ಇಲ್ಲ, ಹಾಗಾಗಿ ತಪ್ಪಾದರೂ ಅದು ಯಾರ ತಪ್ಪೂ ಅಲ್ಲ ಎಂದರು. ಇದೆಂಥ ಕಾನೂನೋ ನನಗಂತೂ ಅರ್ಥವಾಗಲಿಲ್ಲ. ಮದ್ರಾಸಿನ ದೊಡ್ಡ ಡಾಕ್ಟರ ಫೀಜು ಉಳಿಯುತ್ತದೆ, ಕುವೈತಿನಲ್ಲಿ ಪುಕ್ಕಟೆ ನೋಡುತ್ತಾರೆ ಎಂದು ನೀವು ಬರೆದಿರಿ, ನಾನೂ ಹೂಂ ಎಂದೆ. ಅಗ್ಗವೆಂದು ಮುಗ್ಗಲು ಜೋಳ ತಂದ ಹಾಗಾಯಿತೇನೋ. ಅತ್ತೆಯವರಂತೂ "ನನ್ನ ಮಗ ತೋರಿಸ್ಯಾನ, ಮುಗೀತು. ಔಷಧ ತಾ" ಎಂದು ಕುಳಿತಿದ್ದಾರೆ.

ಅವರು ನಿಮ್ಮನ್ನು ಹರಸಿದ್ದಾರೆ. ಊಟ ಬಿಡಬೇಡಿ.

ಇತಿ ನಿಮ್ಮ
ವೀರಭದ್ರಮ್ಮ

ವಿ.ಸೂ.: ಇದನ್ನು ಹೇಗೆ ಬರೆಯಲಿ? ಅತ್ತೆಯವರಿಗೆ ಎಕ್ಸರೇ ತೆಗೆದ ದಿನ, ಜೊತೆಗಿರುವವರೂ ತೆಗೆಸಲಿ ಎಂದು ನನಗೂ ತೆಗೆದರು. ಹೆಸರು ಕೇಳಿದಾಗ ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದು ಹೇಗೆ? ಎರಡಕ್ಕೂ ನನ್ನ ಹೆಸರೇ ಬರೆಸಿದೆ. ತೆಕ್ಕಲಕೋಟೆಯ ಹೊನ್ನೂರಪ್ಪ ಕುವೈತಿಗೆ ಹೊರಟಾಗ, ನನ್ನದೇಕೆ ಎಂದು ಅತ್ತೆಯವರದೆಂದುಕೊಂಡು ಒಂದೇ ಲಕೋಟೆ ಕೊಟ್ಟೆ. ಇವತ್ತು ಮನೆಯಲ್ಲಿ ಉಳಿದದ್ದನ್ನು ಬೆಳಕಿಗೆ ಹಿಡಿದರೆ ಎದೆಯ ನಡುವೆ ಲಿಂಗದ ಬೆಳ್ಳಿ ಕರಡಿಗೆ ಬೆಳ್ಳಗೆ ಮೂಡಿದೆ. ನಾನು ನನ್ನದನ್ನು ಸೊಂಟಕ್ಕೆ ಸರಿಸಿಕೊಂಡಿದ್ದೆ. ಅತ್ತೆಯವರು ಎಷ್ಟು ಹೇಳಿದರೂ ಎದೆಯಿಂದ ಕದಲಿಸಲಿಲ್ಲ. ನಿಮ್ಮ ಹತ್ತಿರ ಇರುವುದರಲ್ಲಿ ಕರಡಿಗೆ ಇದೆಯೋ ಇಲ್ಲವೋ ನೋಡಿ ಕೂಡಲೇ ತಂತಿ ಕೊಡಿ. ಬೆಳಗಿನಿಂದ ನಾನು ಪಾಪುವನ್ನು ಎತ್ತಿಕೊಂಡಿಲ್ಲ. ಹಾಲಿಗೆ ಅಳುತ್ತಿದ್ದಾನೆ. ಅತ್ತೆಯವರು ಯಾಕೆಂದು ಕೇಳುತ್ತಿದ್ದಾರೆ.